ಗಾಂಜಾ ಕೇಸಾದರೆ ಜೈಲೊಂದೇ ಗತಿಯಾ? ಚಟಕ್ಕೆ ಚಿಕಿತ್ಸೆ ಕೊಡಿಸುವ ಕಾನೂನಿನ ದಾರಿಗಳು

ಮಗ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದಾನೆ ಅಂತ ಠಾಣೆಯಿಂದ ಫೋನ್ ಬಂದರೆ ಮನೆಯವರು ಮೊದಲು ಕೇಳುವುದು, "ಬೇಲ್ ಯಾವಾಗ ಸಿಗುತ್ತೆ?" ಆ ಗಾಬರಿಯಲ್ಲಿ ಬೇರೇನೂ ತೋಚುವುದಿಲ್ಲ, ನಿಜ. ಆದರೆ ವಕೀಲರ ಮುಂದೆ ಕೂತಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಇವನಿಗೆ ಚಟ ಹತ್ತಿದ್ದರೆ, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ದಾರಿ ಕಾನೂನಿನಲ್ಲಿ ಇದೆಯಾ?

ಇದೆ. ದೇಶದ ತುಂಬಾ ಕಠಿಣ ಕಾಯ್ದೆಗಳಲ್ಲಿ ಒಂದು ಅನಿಸಿಕೊಂಡಿರುವ ಎನ್‌ಡಿಪಿಎಸ್, ಅಂದರೆ ಮಾದಕ ಪದಾರ್ಥಗಳ ಕಾಯ್ದೆಯ ಒಳಗೇ ಇದೆ. 1985ರ ಈ ಕಾಯ್ದೆಯಲ್ಲಿ 64ಎ ಮತ್ತು 39 ಎಂಬ ಎರಡು ಸೆಕ್ಷನ್‌ಗಳಿವೆ. ಡ್ರಗ್ಸ್ ಕೇಸುಗಳ ಸುದ್ದಿ ದಿನಾ ಓದುತ್ತೇವೆ, ಆದರೆ ಈ ಎರಡರ ಹೆಸರು ಕಿವಿಗೆ ಬೀಳುವುದು ತೀರಾ ಕಡಿಮೆ. ಗೊತ್ತಿಲ್ಲದ್ದರಿಂದ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಕೋರ್ಟು ತಾನಾಗಿ ಕೊಡುವುದೂ ಅಪರೂಪ.

ಎಷ್ಟು ಸಿಕ್ಕಿತು?

ಎನ್‌ಡಿಪಿಎಸ್ ಕೇಸಿನಲ್ಲಿ ಮೊದಲು ನೋಡುವುದು ತೂಕ. ಪ್ರತಿ ಪದಾರ್ಥಕ್ಕೂ ಸರ್ಕಾರ ಎರಡು ಗೆರೆ ಎಳೆದಿದೆ. ಕೆಳಗಿನ ಗೆರೆಯೊಳಗೆ ಇದ್ದರೆ 'ಸಣ್ಣ ಪ್ರಮಾಣ', ಮೇಲಿನ ಗೆರೆ ದಾಟಿದರೆ 'ವಾಣಿಜ್ಯ ಪ್ರಮಾಣ'. ಗಾಂಜಾಕ್ಕೆ ಈ ಗೆರೆಗಳು 1 ಕೆಜಿ ಮತ್ತು 20 ಕೆಜಿ. ಗಾಂಜಾ ಗಿಡದ ಅಂಟಿನಿಂದ ಮಾಡುವ ಚರಸ್‌ಗೆ 100 ಗ್ರಾಂ ಮತ್ತು 1 ಕೆಜಿ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಪಾರ್ಟಿ ಡ್ರಗ್ ಎನ್ನುವ ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ.

ಎಂಡಿಎಂಎ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅರ್ಧ ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಚಿಟಿಕೆ. ಅದರ ಮೇಲೆ, ತೂಕ ಹಾಕುವಾಗ ಶುದ್ಧ ಡ್ರಗ್ ಎಷ್ಟಿದೆ ಎಂದು ಮಾತ್ರ ನೋಡುವಂತಿಲ್ಲ, ಬೆರಕೆಯೂ ಸೇರಿ ಒಟ್ಟು ತೂಕ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಪಾರ್ಟಿಗೆಂದು ಎರಡು ಮೂರು ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡವರೂ 'ಸಣ್ಣ ಪ್ರಮಾಣ'ದ ಗೆರೆ ದಾಟಿಬಿಡಬಹುದು. ದಾಟಿದರೆ ನಾನು ಮುಂದೆ ಹೇಳುವ ಎರಡು ದಾರಿಗಳೂ ಮುಚ್ಚಿಕೊಳ್ಳುತ್ತವೆ. ವಾಣಿಜ್ಯ ಪ್ರಮಾಣವಾದರಂತೂ ಸೆಕ್ಷನ್ 37 ಅಡ್ಡ ಬರುತ್ತದೆ. ಆರೋಪಿ ತಪ್ಪು ಮಾಡಿಲ್ಲ ಎಂದು ನಂಬಲು ಕಾರಣವಿದೆ, ಹೊರಗೆ ಬಿಟ್ಟರೆ ಮತ್ತೆ ಮಾಡುವುದಿಲ್ಲ ಎಂದು ಜಡ್ಜ್‌ಗೆ ಅನ್ನಿಸದೆ ಜಾಮೀನು ಸಿಗುವುದಿಲ್ಲ.

ಬರೀ ಸೇವನೆಗೆ ಇರುವುದು ಸೆಕ್ಷನ್ 27. ಕೊಕೇನ್, ಮಾರ್ಫಿನ್, ಹೆರಾಯಿನ್ ಥರದವಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಂಜಾ ಮುಂತಾದವಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮೊದಲ ದಾರಿ: 64ಎ

ಚಟ ಹತ್ತಿದವನ ಮೇಲೆ ಸೇವನೆಯ ಕೇಸೋ, ಸಣ್ಣ ಪ್ರಮಾಣ ಇಟ್ಟುಕೊಂಡ ಕೇಸೋ ಇದೆ ಅಂದುಕೊಳ್ಳಿ. ಅವನು ತಾನೇ ಮುಂದೆ ಬಂದು ಚಿಕಿತ್ಸೆ ಕೇಳಿ, ಅದನ್ನು ಪಡೆದರೆ ಅವನ ಮೇಲೆ ಆ ಕೇಸು ನಡೆಸುವಂತಿಲ್ಲ. 64ಎ ಹೇಳುವುದು ಇಷ್ಟೇ. ಆಸ್ಪತ್ರೆ ಅಥವಾ ಕೇಂದ್ರವನ್ನು ಸರ್ಕಾರವೋ ಸ್ಥಳೀಯ ಸಂಸ್ಥೆಯೋ ನಡೆಸುತ್ತಿರಬೇಕು, ಇಲ್ಲವೇ ಮಾನ್ಯತೆ ಕೊಟ್ಟಿರಬೇಕು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ವಾಪಸ್ ಪಡೆಯಬಹುದು.

ಓದುವಾಗ ಸಲೀಸು ಅನ್ನಿಸುತ್ತದೆ, ಅಲ್ವಾ? ತೊಡಕು ಇರುವುದು ಚಟ ಹತ್ತಿದವನು ಯಾರು ಅನ್ನುವುದರಲ್ಲಿ. ಕಾಯ್ದೆಯ ಪ್ರಕಾರ ಅವನು ಆ ಪದಾರ್ಥದ ಮೇಲೆ ಅವಲಂಬಿತನಾಗಿರಬೇಕು. ವಾರಕ್ಕೊಮ್ಮೆ ಗೆಳೆಯರ ರೂಮಿನಲ್ಲಿ ಸೇದುವ ಕಾಲೇಜು ಹುಡುಗ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಚಟ ಗಟ್ಟಿಯಾಗಿ ಅಂಟಿಕೊಂಡವನಿಗೆ ಕಾಯ್ದೆ ಚಿಕಿತ್ಸೆಯ ಬಾಗಿಲು ತೆರೆಯುತ್ತದೆ, ಈಗಷ್ಟೇ ಶುರು ಮಾಡಿದವನಿಗೆ ಶಿಕ್ಷೆ ಮಾತ್ರ ಇಟ್ಟಿದೆ. ಒಂದೆರಡು ಸಲ ಆಪ್ತ ಸಲಹೆಗೆ ಹೋದರೆ ದಾರಿಗೆ ಬರಬಹುದಾದ ವಯಸ್ಸಿನವರನ್ನೇ ಹೊರಗಿಟ್ಟಿರುವ ಈ ಕೊರತೆ ನನಗೆ ದೊಡ್ಡದಾಗಿ ಕಾಣುತ್ತದೆ.

ಅವಲಂಬನೆ ಇದೆ ಎಂದು ತೋರಿಸುವುದು ಹೇಗೆ? ಮೂತ್ರ ಪರೀಕ್ಷೆ ಪಾಸಿಟಿವ್ ಬಂದರೆ ಸಾಕು ಎಂದು ತುಂಬಾ ಜನ ತಿಳಿದಿದ್ದಾರೆ. ಸಾಕಾಗುವುದಿಲ್ಲ. ಒಂದೇ ಸಲ ಗಾಂಜಾ ಸೇದಿದವನಿಗೂ ಕೆಲವು ದಿನ ಪಾಸಿಟಿವ್ ಬರುತ್ತದೆ, ದಿನಾ ಸೇದುವವನಿಗೆ ಬಿಟ್ಟ ಮೇಲೂ ವಾರಗಟ್ಟಲೆ ಬರಬಹುದು. ಆ ಪರೀಕ್ಷೆ ಸೇವನೆಯನ್ನು ತೋರಿಸುತ್ತದೆ, ಚಟವನ್ನಲ್ಲ. ಮನೋವೈದ್ಯರು ಕೇಳುವ ಪ್ರಶ್ನೆಗಳೇ ಬೇರೆ. ಬೇಕೇ ಬೇಕು ಅನ್ನುವ ತುಡಿತ ಇದೆಯಾ? ಶುರು ಮಾಡಿದರೆ ನಿಲ್ಲಿಸಲು ಆಗುತ್ತಾ? ಮೊದಲಿನಷ್ಟೇ ಅಮಲಿಗೆ ಈಗ ಜಾಸ್ತಿ ಬೇಕಾ? ಬಿಟ್ಟರೆ ಮೈ ಕೈ ಕೊಡುತ್ತಾ? ಓದು, ಕೆಲಸ, ಮನೆ ಹಿಂದೆ ಸರಿದಿವೆಯಾ? ತೊಂದರೆ ಕಣ್ಣೆದುರೇ ಇದ್ದರೂ ಬಿಡಲು ಆಗುತ್ತಿಲ್ವಾ? ಒಂದು ವರ್ಷದೊಳಗೆ ಇವುಗಳಲ್ಲಿ ಮೂರಾದರೂ ಒಟ್ಟಿಗೆ ಕಂಡರೆ ಅವಲಂಬನೆ ಎನ್ನುತ್ತಾರೆ. ಹಾಗಾಗಿ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೋ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಮೊದಲೇ ತೋರಿಸಿದ್ದರೆ ಆ ಹಳೆಯ ಒಪಿಡಿ ಚೀಟಿಗಳನ್ನು ಹುಡುಕಿ ವಕೀಲರಿಗೆ ಕೊಡಿ. ಕೇಸಾದ ಮೇಲೆ ಮಾಡಿಸಿದ ಸರ್ಟಿಫಿಕೇಟಿಗಿಂತ ಕೇಸಿಗೂ ಮುಂಚಿನ ಒಂದು ಮುದುಡಿದ ಚೀಟಿಯನ್ನು ಕೋರ್ಟಿನಲ್ಲಿ ಅನುಮಾನಿಸುವುದು ಕಷ್ಟ.

ಇನ್ನೊಂದು ತೊಡಕು 64ಎ ಕೇಳುವ 'ಪೂರ್ತಿ ಚಿಕಿತ್ಸೆ' ಅನ್ನುವ ಮಾತಿನದು. ಚಟ ಬಿಟ್ಟವರಲ್ಲಿ ಅನೇಕರು ಮಧ್ಯೆ ಒಮ್ಮೆ ಜಾರುತ್ತಾರೆ. ವೈದ್ಯರು ಅದನ್ನು ಕಾಯಿಲೆಯ ಭಾಗ ಎಂದೇ ನೋಡಿ ಚಿಕಿತ್ಸೆ ಮುಂದುವರಿಸುತ್ತಾರೆ. ಒಮ್ಮೆ ಜಾರಿದ್ದನ್ನೇ ಚಿಕಿತ್ಸೆ ಬಿಟ್ಟ ಹಾಗೆ ಎಂದು ಕೋರ್ಟು ತಿಳಿಯಬಾರದು. ಅದಕ್ಕೇ ವೈದ್ಯರ ವರದಿಯಲ್ಲಿ "ತಪ್ಪದೆ ಬರುತ್ತಿದ್ದಾನೆ, ಚಿಕಿತ್ಸೆ ನಡೆಯುತ್ತಿದೆ" ಎಂಬ ಸಾಲು ಇರುವ ಹಾಗೆ ನೋಡಿಕೊಳ್ಳಿ.

ದಂಡ ಕಟ್ಟಿ ಮುಗಿಸಿಬಿಡಿ?

ಕೋರ್ಟ್ ಆವರಣದಲ್ಲಿ ಸುಲಭವಾಗಿ ಸಿಗುವ ಸಲಹೆ ಇದು. "ತಪ್ಪಾಯ್ತು ಅಂತ ಒಪ್ಕೊಳ್ಳಿ, ದಂಡ ಕಟ್ಟಿ, ಇವತ್ತೇ ಮುಗಿಯುತ್ತೆ." ಸಣ್ಣ ಕೇಸುಗಳಲ್ಲಿ ಅಂದೇ ಮುಗಿಯುವುದೂ ಉಂಟು. ಆದರೆ ತಪ್ಪೊಪ್ಪಿಕೊಂಡರೆ ಅದು ಅಪರಾಧ ಸಾಬೀತಾದಂತೆ. ಸರ್ಕಾರಿ ಕೆಲಸದ ಪೊಲೀಸ್ ವೆರಿಫಿಕೇಷನ್‌ನಲ್ಲಿ, ಪಾಸ್‌ಪೋರ್ಟ್ ವಿಚಾರದಲ್ಲಿ ಅದು ಎದ್ದು ಬರಬಹುದು. ಮತ್ತೆ ಅದೇ ಮಟ್ಟದ ಕೇಸಿನಲ್ಲಿ ಶಿಕ್ಷೆಯಾದರೆ ಸೆಕ್ಷನ್ 31ರ ಪ್ರಕಾರ ಜೈಲಿನ ಗರಿಷ್ಠ ಅವಧಿ ಒಂದೂವರೆ ಪಟ್ಟು ಆಗಬಹುದು. ಚಟ ಮಾತ್ರ ಹಾಗೇ ಉಳಿದಿರುತ್ತದೆ. ಅಂದು ಉಳಿದ ಸಮಯಕ್ಕೆ ಇದು ತುಂಬಾ ದುಬಾರಿ ಬೆಲೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವ ಕಾರಣಕ್ಕೆ ಯಾರೂ ಹೀಗೆ ಒಪ್ಪಿಕೊಳ್ಳಬೇಕಿಲ್ಲ. ಕಸ್ಟಡಿಯಲ್ಲಿರುವವರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕು ಇದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಾದಕ ವ್ಯಸನಕ್ಕೆ ಬಿದ್ದವರಿಗಾಗಿಯೇ ರಾಷ್ಟ್ರೀಯ ಪ್ರಾಧಿಕಾರ 2015ರಲ್ಲಿ ಪ್ರತ್ಯೇಕ ಯೋಜನೆ ಮಾಡಿದೆ. ಹುಡುಗನಿಗೆ 18 ತುಂಬಿಲ್ಲದಿದ್ದರೆ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಚಟ ಬಿಡಿಸುವ ಕಾರ್ಯಕ್ರಮಕ್ಕೆ ಸೇರಬೇಕು ಎಂದು ಆದೇಶಿಸುವ ಅಧಿಕಾರ ಮಂಡಳಿಗೆ ನೇರವಾಗಿಯೇ ಇದೆ.

ಎರಡನೆಯ ದಾರಿ: 39

ಇದು ಅಪರಾಧ ಸಾಬೀತಾದ ಮೇಲಿನ ಮಾತು. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ತಪ್ಪಿತಸ್ಥ ಎಂದು ತೀರ್ಮಾನವಾದವನಿಗೆ ಚಟ ಇದೆ ಎಂದು ಕಂಡರೆ, ಕೋರ್ಟು ಅವನ ವಯಸ್ಸು, ನಡತೆ, ಆರೋಗ್ಯ ನೋಡಿ ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಬಿಡಬಹುದು. ಅವನ ಒಪ್ಪಿಗೆ ಬೇಕು, ಬಾಂಡ್ ಬರೆದುಕೊಡಬೇಕು. ಒಂದು ವರ್ಷದೊಳಗೆ ಕೋರ್ಟಿನ ಮುಂದೆ ಬಂದು ಚಿಕಿತ್ಸೆಯ ಫಲ ಏನಾಯಿತೆಂದು ವರದಿ ಒಪ್ಪಿಸಬೇಕು. ಕೋರ್ಟಿಗೆ ಸಮಾಧಾನವಾದರೆ ಬುದ್ಧಿಮಾತು ಹೇಳಿ, ಮೂರು ವರ್ಷದವರೆಗೆ ಇಂಥ ತಪ್ಪು ಮಾಡುವುದಿಲ್ಲ ಎಂಬ ಬಾಂಡ್ ಬರೆಸಿಕೊಂಡು ಬಿಡುತ್ತದೆ. ತಪ್ಪಿದರೆ ಬಾಕಿ ಇದ್ದ ಶಿಕ್ಷೆ ಬಂದೇ ಬರುತ್ತದೆ.

ಆದರೆ ಜೈಲಿನಲ್ಲಿರುವವರಲ್ಲಿ ತೀರ್ಪು ಆದವರೇ ಕಡಿಮೆ. ದೇಶದ ಕೈದಿಗಳಲ್ಲಿ 2022ರ ಕೊನೆಗೆ ಸುಮಾರು ನೂರಕ್ಕೆ 76 ಮಂದಿ ವಿಚಾರಣಾಧೀನರು. ತೀರ್ಪು ಬರುವವರೆಗೆ ಇವರಿಗೆ 39 ಸಿಗುವುದಿಲ್ಲ. ಬೇಗ ಹೊರಬಂದರೆ ಸರಿ, ಇಲ್ಲದಿದ್ದರೆ ಅವರ ಚಿಕಿತ್ಸೆ ಜೈಲಿನ ಒಳಗೇ ಆಗಬೇಕು.

ಕುಡಿತದ ಮಾತೇ ಇಲ್ಲ

ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮದ್ಯ ಬರುವುದೇ ಇಲ್ಲ. ಕುಡಿದು ಹೆಂಡತಿಗೆ ಹೊಡೆದವನು, ಕುಡಿದು ಜಗಳದಲ್ಲಿ ಚಾಕು ತೆಗೆದವನು, ಕುಡಿತಕ್ಕಾಗಿ ಕಳ್ಳತನಕ್ಕೆ ಇಳಿದವನು, ಇವರಾರಿಗೂ 64ಎ ಇಲ್ಲ. ನಮ್ಮಲ್ಲಿ ದೊಡ್ಡ ಚಟ ಅದೇ. ಏಮ್ಸ್‌ನ ವೈದ್ಯರು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಮದ್ಯದ ಮೇಲೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಇಲ್ಲಿ ನೆರವಿಗೆ ಬರಬಹುದಾದದ್ದು ಒಂದು ಹಳೆಯ ಕಾನೂನು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಒಳ್ಳೆಯ ನಡತೆಯ ಬಾಂಡ್ ಮೇಲೆ ಬಿಡುವಾಗ ಅಮಲು ಪದಾರ್ಥ ಮುಟ್ಟಬಾರದು ಎಂಬ ಷರತ್ತು ಹಾಕಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಪರಿವೀಕ್ಷಣಾಧಿಕಾರಿಯ ಕಣ್ಗಾವಲಲ್ಲೂ ಇಡಬಹುದು. ಬರೀ "ಕುಡಿಯಬೇಡ" ಅಂದರೆ ಚಟ ಇರುವವನಿಗೆ ಅದು ತಾಗುವುದಿಲ್ಲ. ಜೊತೆಗೆ ವೈದ್ಯರ ಹತ್ತಿರ ಹೋಗಲೇಬೇಕು ಎಂದೂ ಸೇರಿಸಿ ಎಂದು ವಕೀಲರು ಕೇಳಿದರೆ ಆ ಷರತ್ತಿಗೆ ಅರ್ಥ ಬರುತ್ತದೆ.

ಜೈಲಿನ ಮೊದಲ ನಾಲ್ಕು ದಿನ

ಪರಪ್ಪನ ಅಗ್ರಹಾರದ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ 5,024 ಕೈದಿಗಳನ್ನು ಮಾತಾಡಿಸಿ 2011ರಲ್ಲಿ ವರದಿ ಕೊಟ್ಟಿತು. ನೂರಕ್ಕೆ ಸುಮಾರು 80 ಮಂದಿಗೆ ಮಾನಸಿಕ ಕಾಯಿಲೆ, ಅಮಲು ಪದಾರ್ಥದ ಸಮಸ್ಯೆ ಅಥವಾ ಎರಡೂ ಇದ್ದವು. ಅಮಲಿನ ಸಮಸ್ಯೆಯನ್ನು ತೆಗೆದಿಟ್ಟು ನೋಡಿದರೆ ಆ ಸಂಖ್ಯೆ 27.6ಕ್ಕೆ ಇಳಿಯಿತು. ಜೈಲಿನ ಆರೋಗ್ಯದ ಪ್ರಶ್ನೆಯಲ್ಲಿ ಚಟದ ಪಾಲು ಎಷ್ಟು ದೊಡ್ಡದು ಎಂದು ಇಷ್ಟರಿಂದಲೇ ತಿಳಿಯುತ್ತದೆ.

ದಿನಾ ಬೆಳಗ್ಗೆಯಿಂದ ಕುಡಿಯುವ ಒಬ್ಬನನ್ನು ಭಾನುವಾರ ರಾತ್ರಿ ಬಂಧಿಸಿದರು ಅಂದುಕೊಳ್ಳಿ. ಸೋಮವಾರ ಬೆಳಗ್ಗೆಯೇ ಕೈ ನಡುಗುತ್ತದೆ, ಬೆವರುತ್ತಾನೆ, ಎದೆ ಹೊಡೆದುಕೊಳ್ಳುತ್ತದೆ, ಅನ್ನ ಸೇರುವುದಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗ ನಡುಗಿದರೆ ಹೆದರಿದ್ದಾನೆ ಅಂದುಕೊಳ್ಳುತ್ತಾರೆ. ಆ ರಾತ್ರಿಯೋ ಮಂಗಳವಾರವೋ ಫಿಟ್ಸ್ ಬರಬಹುದು. ಮಂಗಳವಾರದಿಂದ ಗುರುವಾರದ ಹೊತ್ತಿಗೆ ಡೆಲಿರಿಯಂ ಬಂದರೆ ದಿನ ಯಾವುದು, ತಾನು ಎಲ್ಲಿದ್ದೇನೆ ಎಂಬುದೇ ತಿಳಿಯದು. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೋ ಹೊಡೆಯಲು ಬಂದಂತೆ ಕಿರುಚುತ್ತಾನೆ, ಬಾಗಿಲ ಕಡೆ ಓಡುತ್ತಾನೆ. ಬ್ಯಾರಕ್ಕಿನಲ್ಲಿ ಇದನ್ನು ನಾಟಕ ಅನ್ನಬಹುದು, ಹುಚ್ಚು ಅನ್ನಬಹುದು, ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ ಎಂದು ಹೊಡೆಯಲೂಬಹುದು. ಸರಿಯಾದ ಚಿಕಿತ್ಸೆ ಇಲ್ಲದಿದ್ದರೆ ಈ ಸ್ಥಿತಿಯಲ್ಲಿ ಜೀವವೇ ಹೋಗಬಹುದು.

ಚಿಕಿತ್ಸೆ ಮಾತ್ರ ಅಗ್ಗ, ಹಳೆಯದು, ತಾಲೂಕು ಆಸ್ಪತ್ರೆಯಲ್ಲೂ ಆಗುವಂಥದ್ದು. ಡಯಾಜೆಪಾಂ ಅಥವಾ ಲೋರಾಜೆಪಾಂ ಗುಂಪಿನ ಔಷಧಿಯನ್ನು ಅಗತ್ಯಕ್ಕೆ ತಕ್ಕಷ್ಟು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೋರಾಜೆಪಾಂ ವಾಸಿ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ನಿನ ಇಂಜೆಕ್ಷನ್. ಸುಸ್ತಾಗಿದ್ದಾನೆ ಎಂದು ಸುಮ್ನೆ ಗ್ಲೂಕೋಸ್ ಡ್ರಿಪ್ ಏರಿಸಿಬಿಡಬಾರದು. ಥಯಮಿನ್ ಇಲ್ಲದೆ ಗ್ಲೂಕೋಸ್ ಕೊಟ್ಟರೆ ಕುಡಿತದಿಂದ ಮೊದಲೇ ಬಡವಾದ ಮಿದುಳಿಗೆ ಪೆಟ್ಟು ಬೀಳಬಹುದು.

ಹಾಗಾಗಿ ಬಂಧನವಾದ ಕೂಡಲೇ ಮನೆಯವರು ಮಾಡಬೇಕಾದ ಕೆಲಸ ಒಂದಿದೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕೊನೆಯ ಸಲ ಯಾವಾಗ ಕುಡಿದ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಯಾವ ಮಾತ್ರೆ ತಗೊಳ್ಳುತ್ತಿದ್ದಾನೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಠಾಣೆಗೆ, ವಕೀಲರಿಗೆ ಕೊಡಿ. ಬಂಧನದ ನಂತರದ ವೈದ್ಯಕೀಯ ಪರೀಕ್ಷೆ ಮಾಡುವ ಡಾಕ್ಟರ ಕೈಗೂ ಅದು ಸೇರಲಿ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ರಿಮಾಂಡ್ ಹೊತ್ತಿನಲ್ಲಿ ವಕೀಲರು ಹೇಳಿದರೆ, ಆಸ್ಪತ್ರೆಯಲ್ಲಿ ನೋಡಿಸಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು.

ಕೈದಿಗೆ ಇದು ಸರ್ಕಾರದ ಉಪಕಾರವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಡ್ರಗ್ಸ್ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯ ಒಳಗೇ ಬರುತ್ತವೆ. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕೆಂದು ಅದರ 103ನೇ ಸೆಕ್ಷನ್ ಹೇಳುತ್ತದೆ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಹೊರಗಿನ ಜನರಿಗೆ ಸಿಗುವ ಮಟ್ಟದ ಆರೈಕೆ ಕೈದಿಗೂ ಸಿಗಬೇಕು, ಡ್ರಗ್ಸ್ ಅವಲಂಬನೆಗೆ ನಡೆಯುತ್ತಿರುವ ಚಿಕಿತ್ಸೆ ಮಧ್ಯೆ ಕಡಿಯಬಾರದು ಎನ್ನುತ್ತವೆ.

ನಾಲಿಗೆಯ ಕೆಳಗಿನ ಮಾತ್ರೆ

ಹೆರಾಯಿನ್, ಬ್ರೌನ್ ಶುಗರ್, ನೋವಿನ ಇಂಜೆಕ್ಷನ್‌ಗಳ ಚಟಕ್ಕೆ ಇಂದು ಇರುವ ಗಟ್ಟಿ ಚಿಕಿತ್ಸೆ ಬ್ಯುಪ್ರೆನಾರ್ಫಿನ್ ಮತ್ತು ಮೆಥಡೋನ್. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲಿ ಬ್ಯುಪ್ರೆನಾರ್ಫಿನ್ ಶುರುವಾಯಿತು. ಪಂಜಾಬ್ 2017ರಲ್ಲಿ ಇದಕ್ಕೆಂದೇ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆದು, ಮುಂದೆ ಅವನ್ನು ಜೈಲುಗಳ ಒಳಗೂ ತಂದಿತು.

ಕೊಡುವ ಕ್ರಮ ನೋಡುವಂತಿದೆ. ಕೈದಿ ನರ್ಸ್ ಎದುರು ಕೂರುತ್ತಾನೆ. ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುತ್ತಾರೆ, ಕೆಲವು ಕಡೆ ಪುಡಿ ಮಾಡಿಯೇ ಇಡುತ್ತಾರೆ, ಬಚ್ಚಿಟ್ಟುಕೊಂಡು ಹೋಗಿ ಇನ್ನೊಬ್ಬನಿಗೆ ಮಾರಲು ಆಗದಿರಲಿ ಎಂದು. ನುಂಗುವಂತಿಲ್ಲ, ಮಾತಾಡುವಂತಿಲ್ಲ. ಕೆಲವು ನಿಮಿಷದಲ್ಲಿ ಕರಗುತ್ತದೆ. ಆಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ ಕಳಿಸುತ್ತಾರೆ. "ಒಂದು ಡ್ರಗ್ ಬಿಡಿಸಿ ಇನ್ನೊಂದು ಡ್ರಗ್ ಕೊಟ್ಟಂತೆ ಅಲ್ವಾ?" ಎಂದು ಕೇಳುವವರಿದ್ದಾರೆ. ಬ್ಯುಪ್ರೆನಾರ್ಫಿನ್ ಹೆರಾಯಿನ್ ಕೆಲಸ ಮಾಡುವ ಜಾಗವನ್ನೇ ಮಿದುಳಿನಲ್ಲಿ ಹಿಡಿದು ಕೂರುತ್ತದೆ, ಆದರೆ ಪರಿಣಾಮ ಒಂದು ಮಿತಿ ದಾಟುವುದಿಲ್ಲ. ತುಡಿತ ಇಳಿಯುತ್ತದೆ, ಮೈ ನೋವು ನಿಲ್ಲುತ್ತದೆ, ಮೇಲೆ ಹೆರಾಯಿನ್ ಹಾಕಿಕೊಂಡರೂ ಮೊದಲಿನ ಅಮಲು ಬರುವುದಿಲ್ಲ. ಮನುಷ್ಯ ಕೆಲಸಕ್ಕೆ ಹೋಗುವಷ್ಟು ನೆಟ್ಟಗಾಗುತ್ತಾನೆ.

ಗಾಂಜಾ, ಎಂಡಿಎಂಎ ಚಟಕ್ಕೆ ಇಂಥ ಮಾತ್ರೆ ಇಲ್ಲ. ಬಿಟ್ಟ ಮೊದಲ ವಾರದ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು, ಇವಕ್ಕೆ ಔಷಧಿ ಕೊಡಬಹುದು. ಉಳಿದದ್ದು ತಿಂಗಳುಗಟ್ಟಲೆ ನಡೆಯುವ ಆಪ್ತ ಸಲಹೆ.

ಬಿಡುಗಡೆಯ ದಿನದ ಅಪಾಯ

ಅಪಾಯ ಜಾಸ್ತಿ ಇರುವುದು ಹೊರಬಂದ ಮೇಲೆ. ಆರು ತಿಂಗಳು ಹೆರಾಯಿನ್ ಮುಟ್ಟದವನ ದೇಹ ಅದನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಮನಸ್ಸಿಗೆ ಮಾತ್ರ ಹಳೆಯ ಡೋಸೇ ನೆನಪು. ಹೊರಬಂದ ಸಂಜೆ ಅಷ್ಟನ್ನೇ ತಗೊಂಡರೆ ಉಸಿರಾಟ ನಿಲ್ಲಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಕೈದಿಗಳ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಾಧ್ಯತೆ ಸಾಮಾನ್ಯ ಜನರಿಗಿಂತ ಸುಮಾರು 13 ಪಟ್ಟು ಜಾಸ್ತಿ ಇತ್ತು. ಡ್ರಗ್ ಓವರ್‌ಡೋಸ್ ಸಾವು ಮಾತ್ರ ನೋಡಿದರೆ 129 ಪಟ್ಟು.

ಅದೇ ದೇಶದ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ 2016ರಲ್ಲಿ ಜೈಲುಗಳಲ್ಲಿ ಮೆಥಡೋನ್, ಬ್ಯುಪ್ರೆನಾರ್ಫಿನ್, ಹೆರಾಯಿನ್ ಅಮಲನ್ನು ತಡೆಯುವ ನಾಲ್ಟ್ರೆಕ್ಸೋನ್, ಈ ಮೂರನ್ನೂ ಕೊಡಲು ಶುರು ಮಾಡಿತು. ಬಿಡುಗಡೆಯಾದವನು ಮರುದಿನ ಹೋಗಬೇಕಾದ ಹೊರಗಿನ ಕ್ಲಿನಿಕ್ಕನ್ನೂ ಜೋಡಿಸಿತು. ಈಚೆಗಷ್ಟೇ ಜೈಲಿನಿಂದ ಬಂದವರ ಓವರ್‌ಡೋಸ್ ಸಾವುಗಳು 2016ರ ಮೊದಲ ಆರು ತಿಂಗಳಲ್ಲಿ 26 ಇದ್ದವು, 2017ರ ಅದೇ ಆರು ತಿಂಗಳಲ್ಲಿ 9ಕ್ಕೆ ಇಳಿದವು. ಜೈಲಿನ ಒಳಗಿನ ಮಾತ್ರೆಯಷ್ಟೇ ಮುಖ್ಯ, ಹೊರಗಿನ ಕ್ಲಿನಿಕ್ಕಿಗೆ ಮೊದಲೇ ಮಾಡಿಟ್ಟ ಆ ಅಪಾಯಿಂಟ್‌ಮೆಂಟ್. ನಮ್ಮಲ್ಲಿ ಜಾಮೀನು ಆದೇಶ ಸಂಜೆ ಜೈಲು ತಲುಪಿ ರಾತ್ರಿ ಬಿಡುಗಡೆ ಆಗುವುದುಂಟು. ಆ ಹೊತ್ತಿನಲ್ಲಿ ಕೈಗೆ ಔಷಧಿ ಚೀಟಿ ಯಾರು ಕೊಡಬೇಕು? ಇದಕ್ಕೆ ಜೈಲು ಇಲಾಖೆ ಮತ್ತು ಆರೋಗ್ಯ ಇಲಾಖೆ ಕೂತು ಉತ್ತರ ಕಂಡುಕೊಳ್ಳಲೇಬೇಕು.

ಮನೆಗೆ ಬಂದ ಮೇಲೆ ಎರಡು ತಪ್ಪು ಆಗದಂತೆ ನೋಡಿಕೊಳ್ಳಿ. ಒಂದು, ಕುಡುಕನಿಗೆ ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸುವ ಪುಡಿ, ಮಾತ್ರೆ. ಅದರಲ್ಲಿ ಮದ್ಯವೇ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಂ ಎಂಬ ಔಷಧಿ ಇದ್ದು ಅವನು ಕುಡಿದುಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಆ ಔಷಧಿ ಕೊಡುವುದಿದ್ದರೆ ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಕಣ್ಣಳತೆಯಲ್ಲೇ ಕೊಡಬೇಕು. ಎರಡು, ಕಟ್ಟಿಹಾಕುವ, ಹೊಡೆಯುವ ಖಾಸಗಿ ಕೇಂದ್ರಗಳು. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಸೇರಿಸುವ ಮುನ್ನ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಸಂಖ್ಯೆ ಕೇಳಿ, ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ. 64ಎ ಅಥವಾ 39ರ ಕೇಸಾಗಿದ್ದರೆ ಸರ್ಕಾರದ ಮಾನ್ಯತೆ ಪತ್ರದ ಪ್ರತಿಯನ್ನೂ ತಗೊಳ್ಳಿ. ಅದಿಲ್ಲದಿದ್ದರೆ ಅಲ್ಲಿ ಕಳೆದ ತಿಂಗಳುಗಳು ಕೋರ್ಟಿನ ಲೆಕ್ಕಕ್ಕೆ ಬರದೇ ಹೋಗಬಹುದು.

ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ 14446 ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಟೆಲಿ ಮನಸ್, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಒಳಗಿರುವವನ ಪರವಾಗಿ ಮನೆಯವರೇ ಫೋನ್ ಮಾಡಬಹುದು, ಬಿಡುಗಡೆಗೆ ಮುಂಚೆಯೇ ಮಾಡಿದರೆ ಇನ್ನೂ ಒಳ್ಳೆಯದು.